ಎರಡನೇ ಇನಿಂಗ್ಸ್ ಇಲ್ಲದ ಆಟ



ಭದ್ರಾವತಿಯ ಕ್ರಿಕೆಟ್ ಪ್ರಿಯರಿಗೆ ಸೊನ್ನೆ ಮತ್ತು 137 ಎಂಬ ಎರಡು ಅಂಕಿಗಳ ಕಥೆಯನ್ನು ಹೊಸದಾಗಿ ಹೇಳಬೇಕಿಲ್ಲ. ಆ ಊರಿನಲ್ಲಿ 1949ರಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ 1969ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ತಮ್ಮ ಮೊದಲ ಟೆಸ್ಟ್ ಆಡಿದರು. ಮೊದಲ ಇನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಮುಂದೆ ಅವರು 91 ಟೆಸ್ಟ್‌ಗಳಲ್ಲಿ 6,080 ರನ್ ಗಳಿಸಿದರು. ಸೊನ್ನೆಗೆ ಔಟಾದ ಹುಡುಗನಿಗೆ ಅದೇ ಪಂದ್ಯದಲ್ಲಿ ಇನ್ನೊಂದು ಅವಕಾಶ ಕೊಡುವುದು ಟೆಸ್ಟ್ ಕ್ರಿಕೆಟ್ಟಿನ ದೊಡ್ಡ ಗುಣ.

ಟೆನಿಸ್‌ನಲ್ಲಿ ಆ ಔದಾರ್ಯವಿಲ್ಲ. ಸೋತವರು ಬ್ಯಾಗು ಕಟ್ಟಬೇಕು. ಮುಂದಿನ ಅವಕಾಶ ಮುಂದಿನ ವಾರ, ಬೇರೊಂದು ಊರಿನಲ್ಲಿ, ಬಹಳ ಸಲ ಬೇರೊಂದು ದೇಶದಲ್ಲಿ. ಇಂಥ ಆಟದಲ್ಲಿ ಒಬ್ಬ ಆಟಗಾರನ ವರ್ಷ ಹೇಗಿರುತ್ತದೆ ಎಂಬುದನ್ನು ತಿಳಿಯಲು ರೋಹನ್ ಬೋಪಣ್ಣ ಅವರ 2024ನೇ ಸಾಲಿಗಿಂತ ಒಳ್ಳೆಯ ಉದಾಹರಣೆ ಕರ್ನಾಟಕದಲ್ಲಿ ಸಿಗಲಾರದು.

ಕೊಡಗಿನ ಕಾಫಿ ತೋಟದ ನಡುವೆ ಬೆಳೆದ ಬೋಪಣ್ಣ ವೃತ್ತಿಪರ ಟೆನಿಸ್‌ಗೆ ಇಳಿದದ್ದು 2003ರಲ್ಲಿ. 2021ರ ಆರಂಭದಲ್ಲಿ ಅವರು ಐದು ತಿಂಗಳ ಕಾಲ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಆಟ ಬಿಡುವ ಯೋಚನೆಯನ್ನು ಪತ್ನಿಗೆ ವಿಡಿಯೊ ಸಂದೇಶದಲ್ಲಿ ತಿಳಿಸಿದ್ದೂ ಉಂಟು. ಮೊಣಕಾಲಿನ ಮೃದ್ವಸ್ಥಿ ಸವೆದಿತ್ತು. ಅಯ್ಯಂಗಾರ್ ಪದ್ಧತಿಯ ಯೋಗದಿಂದ ಕಾಲಿಗೆ ಬಲ ಬಂತೆಂದು ಅವರೇ ಹೇಳಿಕೊಂಡಿದ್ದಾರೆ.

ಅಂಥವರು 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಫೈನಲ್‌ನಲ್ಲಿ ಇಟಲಿಯ ಸಿಮೋನ್ ಬೊಲೆಲ್ಲಿ–ಆಂಡ್ರಿಯಾ ವವಾಸೊರಿ ಜೋಡಿಯನ್ನು 7–6, 7–5ರಿಂದ ಸೋಲಿಸಿದರು. ಡಬಲ್ಸ್‌ನಲ್ಲಿ ಮೊದಲ ಬಾರಿಗೆ ವಿಶ್ವದ ಅಗ್ರಸ್ಥಾನಕ್ಕೇರಿದ ಅತಿ ಹಿರಿಯ ಆಟಗಾರ ಎಂಬ ದಾಖಲೆಯೂ ಜೊತೆಗೇ ಬಂತು. ಮಾರ್ಚಿನ ಕೊನೆಯಲ್ಲಿ, 44 ತುಂಬಿದ ಮೇಲೆ, ಮಯಾಮಿ ಓಪನ್ ಪ್ರಶಸ್ತಿ ಒಲಿಯಿತು.

ಅಲ್ಲಿಂದ ಮುಂದೆ ಇಳಿಜಾರು. ಫ್ರೆಂಚ್ ಓಪನ್ ಸೆಮಿಫೈನಲ್‌ನಲ್ಲಿ ಸೋಲು. ಸೋಲಿಸಿದವರು ಮೆಲ್ಬರ್ನ್‌ನಲ್ಲಿ ಸೋತಿದ್ದ ಅದೇ ಇಟಲಿಯ ಜೋಡಿ. ವಿಂಬಲ್ಡನ್‌ನಲ್ಲಿ ಎರಡನೇ ಸುತ್ತಿಗೇ ನಿರ್ಗಮನ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎನ್. ಶ್ರೀರಾಮ್ ಬಾಲಾಜಿ ಜೊತೆ ಮೊದಲ ಸುತ್ತಿನಲ್ಲೇ ಸೋಲು. ಅದರ ಬೆನ್ನಿಗೇ ಭಾರತದ ಪರ ಆಡುವುದಕ್ಕೆ ವಿದಾಯ. ನವೆಂಬರಿನಲ್ಲಿ ವರ್ಷದ ಎಂಟು ಅತ್ಯುತ್ತಮ ಜೋಡಿಗಳು ಸೇರುವ ಟ್ಯೂರಿನ್ ಟೂರ್ನಿಗೆ ಅರ್ಹತೆ ಸಿಕ್ಕಿತು. ಅಲ್ಲಿ ಆಡಿದ ಮೂರು ಪಂದ್ಯಗಳನ್ನೂ ಬೋಪಣ್ಣ–ಎಬ್ಡೆನ್ ಸೋತರು.

ಹಾಗಾದರೆ ಇದು ಗೆದ್ದ ವರ್ಷವೋ, ಸೋತ ವರ್ಷವೋ? ಉತ್ತರ ಹೇಳುವ ಮೊದಲು ಟೆನಿಸ್‌ನ ಲೆಕ್ಕಾಚಾರವನ್ನು ಅರಿಯಬೇಕು.

ವಿಶ್ವ ರ್‍ಯಾಂಕಿಂಗ್ ಎಂಬುದು ಹಿಂದಿನ 52 ವಾರಗಳ ಗಳಿಕೆ. ಗ್ರ್ಯಾನ್‌ಸ್ಲಾಮ್ ಡಬಲ್ಸ್ ಗೆದ್ದರೆ 2,000 ಪಾಯಿಂಟ್, ಫೈನಲ್‌ನಲ್ಲಿ ಸೋತರೆ 1,200, ಮೂರನೇ ಸುತ್ತಿನಲ್ಲಿ ಸೋತ ಡಬಲ್ಸ್ ಜೋಡಿಗೆ 180. ವರ್ಷ ತುಂಬಿದೊಡನೆ ಹಳೆಯ ಪಾಯಿಂಟ್ ಅಳಿಸಿಹೋಗುತ್ತದೆ. 2023ರ ಯುಎಸ್ ಓಪನ್‌ನಲ್ಲಿ ಫೈನಲ್ ತಲುಪಿದ್ದ ಬೋಪಣ್ಣ 2024ರಲ್ಲಿ ಅಲ್ಲೇ ಮೂರನೇ ಸುತ್ತಿನಲ್ಲಿ ಸೋತರು. ಬಂದದ್ದು 180, ಹೋದದ್ದು 1,200. 2025ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಬೇರೆ ಜೊತೆಗಾರನೊಂದಿಗೆ ಮೊದಲ ಸುತ್ತಿನಲ್ಲೇ ಸೋತಾಗ, ಹಿಂದಿನ ವರ್ಷ ಕೂಡಿಟ್ಟ 2,000 ಪಾಯಿಂಟ್‌ಗಳೂ ಹೊರಟುಹೋದವು. ಶಿವಮೊಗ್ಗದ ಅಡಿಕೆ ಬೆಳೆಗಾರರಿಗೆ ಈ ತರ್ಕ ಬೇಗ ಅರ್ಥವಾದೀತು. ಹೋದ ವರ್ಷದ ಫಸಲು ಎಷ್ಟೇ ಚೆನ್ನಾಗಿದ್ದರೂ ಈ ವರ್ಷದ ಕೊನೆಗೆ ಕೊಳೆರೋಗ ಬರಬಾರದೆಂಬ ನಿಯಮವೇನೂ ಇಲ್ಲ.

ಇನ್ನೊಂದು ಲೆಕ್ಕ ಇನ್ನೂ ಸರಳ. ಗ್ರ್ಯಾನ್‌ಸ್ಲಾಮ್ ಡಬಲ್ಸ್‌ನಲ್ಲಿ 64 ಜೋಡಿಗಳು ಆಡುತ್ತವೆ. ಪ್ರಶಸ್ತಿ ಒಂದಕ್ಕೆ, ಉಳಿದ 63 ಜೋಡಿಗಳೂ ಸೋತೇ ಮನೆಗೆ ಹೋಗುತ್ತವೆ. 2024ರಲ್ಲಿ ಬೋಪಣ್ಣ ಪುರುಷರ ಡಬಲ್ಸ್‌ನಲ್ಲಿ ಗೆದ್ದದ್ದು ಎರಡು ಪ್ರಶಸ್ತಿ. ಅಂದರೆ ಜಗತ್ತಿನ ಅಗ್ರಸ್ಥಾನದಲ್ಲಿ ಕುಳಿತವರಿಗೂ ಆ ವರ್ಷದ ಹೆಚ್ಚಿನ ಟೂರ್ನಿಗಳು ಸೋಲಿನಲ್ಲೇ ಮುಗಿದವು. ಈ ವೃತ್ತಿಯಲ್ಲಿ ಸೋಲು ಎಂಬುದು ಅಪಘಾತವಲ್ಲ, ದಿನಚರಿ.

ದುಡ್ಡಿನ ಮಾತೂ ಹಾಗೆಯೇ. ಭದ್ರಾವತಿ ಬೆಳೆದದ್ದು 1923ರಲ್ಲಿ ಆರಂಭವಾದ ಕಬ್ಬಿಣದ ಕಾರ್ಖಾನೆಯ ಪಾಳಿಗಳ ಜೊತೆಗೆ; ಆಮೇಲೆ ಕಾಗದದ ಕಾರ್ಖಾನೆಯೂ ಬಂತು. ಉದ್ಯೋಗವೆಂದರೆ ಹಾಜರಿ, ತಿಂಗಳ ಸಂಬಳ, ಕ್ವಾರ್ಟರ್ಸ್ ಎಂಬ ನಂಬಿಕೆ ಅಲ್ಲಿ ಬೇರೂರಿದ್ದು ಸಹಜ. ಟೆನಿಸ್ ಆಟಗಾರನಿಗೆ ಹಾಜರಿಗೆ ಕೂಲಿಯಿಲ್ಲ. ಎಷ್ಟು ಸುತ್ತು ದಾಟಿದರೆ ಅಷ್ಟು ಬಹುಮಾನ. ಡಬಲ್ಸ್ ಆದರೆ ಅದರಲ್ಲೂ ಅರ್ಧ ಜೊತೆಗಾರನಿಗೆ. ವಿಮಾನದ ಟಿಕೆಟ್, ಕೋಚ್, ಫಿಸಿಯೊ, ಎಲ್ಲದರ ಖರ್ಚೂ ಹೆಚ್ಚಾಗಿ ಆಟಗಾರನದೇ. ಐದು ತಿಂಗಳು ಗೆಲುವಿಲ್ಲದೆ ಕಳೆಯುವುದರ ಅರ್ಥ ಈ ಹಿನ್ನೆಲೆಯಲ್ಲಿ ತಿಳಿಯುತ್ತದೆ.

ಇಷ್ಟನ್ನು ಇಲ್ಲಿ ವಿವರಿಸಲು ಕಾರಣವಿದೆ. ಶಿವಮೊಗ್ಗ, ಭದ್ರಾವತಿಗಳಂಥ ಊರುಗಳಲ್ಲಿ ಮಗು ರ್‍ಯಾಕೆಟ್ ಹಿಡಿದರೆ ಮನೆಯವರು ಮೊದಲು ಎಣಿಸುವುದು ಕಪ್ಪುಗಳನ್ನು. ಎರಡು ಟೂರ್ನಿಗಳಲ್ಲಿ ಮೊದಲ ಸುತ್ತಿಗೇ ಸೋತರೆ, ‘ಸಾಕು, ಇನ್ನು ಓದಿಕೊಳ್ಳಲಿ’ ಎಂಬ ತೀರ್ಮಾನ ಬಂದುಬಿಡುತ್ತದೆ. ಓದು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ 63 ಜೋಡಿಗಳಿಗೆ ಸೋಲು ಖಚಿತವಾಗಿರುವ ಆಟದಲ್ಲಿ ಸೋಲೊಂದನ್ನೇ ಅಳತೆಗೋಲು ಮಾಡಿದರೆ ಯಾವ ಮಗುವೂ ಉತ್ತೀರ್ಣವಾಗದು. ಹೋದ ಸಲ ಕಾಡಿದ ಸರ್ವ್ ಈ ಸಲ ಸುಧಾರಿಸಿತೇ? ಸೋತ ಮಾರನೆಯ ದಿನ ಮಗು ತಾನಾಗಿಯೇ ಅಂಗಣಕ್ಕೆ ಹೋಯಿತೇ? ಕೇಳಬೇಕಾದ ಪ್ರಶ್ನೆಗಳು ಇವು. ಎರಡಕ್ಕೂ ‘ಇಲ್ಲ’ ಎಂಬ ಉತ್ತರ ವರ್ಷವಿಡೀ ಬಂದರೆ ಆಗ ಬೇರೆ ದಾರಿ ಯೋಚಿಸಬಹುದು.

ಬೋಪಣ್ಣ 2025ರ ನವೆಂಬರ್ 1ರಂದು ನಿವೃತ್ತಿ ಘೋಷಿಸಿದರು. ಅದಕ್ಕೆ ಮುನ್ನ ಪ್ಯಾರಿಸ್‌ನಲ್ಲಿ ಆಡಿದ ಕೊನೆಯ ಟೂರ್ನಿಯಲ್ಲೂ ಅವರು ಮೊದಲ ಸುತ್ತಿನಲ್ಲೇ ಸೋತಿದ್ದರು. ಎರಡು ದಶಕ ದಾಟಿದ ಆ ವೃತ್ತಿಜೀವನವನ್ನು ಕೊನೆಯ ಪಂದ್ಯದ ಸ್ಕೋರಿನಿಂದ ಅಳೆಯುವವರು ಯಾರೂ ಇರಲಾರರು. ಹತ್ತು ವರ್ಷದ ಮಗುವಿಗೂ ಅಷ್ಟು ರಿಯಾಯಿತಿ ಸಲ್ಲಬೇಕು.