ಹೊಲಕ್ಕೆ ಒಗ್ಗುವ ಉಪಕರಣ, ತಿಳಿಯುವ ಭಾಷೆ



ಬಿತ್ತನೆ ಹಾಗೂ ಕೊಯ್ಲಿನ ದಿನಗಳಲ್ಲಿ ನಮ್ಮ ಹಾಜರಿ ಪುಸ್ತಕದ ಕೆಲವು ಹೆಸರುಗಳ ಮುಂದೆ ಗೈರುಹಾಜರಿಯ ಗುರುತು ಸಾಲಾಗಿ ಬೀಳುತ್ತದೆ. ಅವುಗಳಲ್ಲಿ ಒಂದೆರಡರ ಹಿಂದೆ ನಡೆಯಲಾರದ ತಂದೆಯೋ ದೃಷ್ಟಿ ಕುಂದಿದ ತಾಯಿಯೋ ಇರಬಹುದು. ಮಗು ಅವರಿಗೆ ಕಾಲಾಗಿ, ಕಣ್ಣಾಗಿ ಹೊಲದಲ್ಲಿ ನಿಂತಿರುತ್ತದೆ. ಆದ್ದರಿಂದ ಅಂಗವೈಕಲ್ಯವುಳ್ಳ ರೈತರಿಗೆ ತಕ್ಕ ಉಪಕರಣ ದೊರೆಯುವುದು ಕೃಷಿಯ ವಿಷಯ ಮಾತ್ರವಲ್ಲ, ನಮ್ಮ ತರಗತಿಯ ವಿಷಯವೂ ಹೌದು.

ತಕ್ಕ ಉಪಕರಣವೆಂದರೆ ಯಾವುದು? ಜೈಪುರದ ಕೃತಕ ಪಾದ ಇದಕ್ಕೆ ಒಳ್ಳೆಯ ನಿದರ್ಶನ. ಪಾಶ್ಚಾತ್ಯ ಮಾದರಿಯ ಕೃತಕ ಪಾದವು ಬೂಟು ಧರಿಸಿ ಸಮನೆಲದಲ್ಲಿ ನಡೆಯುವವರಿಗೆಂದು ರೂಪುಗೊಂಡಿತ್ತು. ಅದನ್ನು ಕಟ್ಟಿಕೊಂಡು ಬರಿಗಾಲಿನಲ್ಲಿ ಬದುವಿನ ಮೇಲೆ ನಡೆಯುವುದು, ಕೆಸರಿಗೆ ಇಳಿಯುವುದು, ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕೀಳುವುದು ನಮ್ಮ ರೈತನಿಗೆ ಸಾಧ್ಯವಾಗುತ್ತಿರಲಿಲ್ಲ. 1960ರ ದಶಕದ ಕೊನೆಯಲ್ಲಿ ಜೈಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯ ಮೂಳೆ ಶಸ್ತ್ರವೈದ್ಯ ಡಾ. ಪ್ರಮೋದ ಕರಣ ಸೇಠಿ ಹಾಗೂ ಕುಶಲಕರ್ಮಿ ರಾಮಚಂದ್ರ ಶರ್ಮಾ ಕೂಡಿ ರಬ್ಬರಿನ ಪಾದವೊಂದನ್ನು ನಿರ್ಮಿಸಿದರು. ಅದಕ್ಕೆ ಬೂಟು ಬೇಡ, ನೀರಿನ ಅಂಜಿಕೆಯಿಲ್ಲ, ನೆಲದ ಉಬ್ಬುತಗ್ಗಿಗೆ ಅದು ಬಾಗುತ್ತದೆ. ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ವೈದ್ಯರ ಶರೀರಜ್ಞಾನವೂ ಕುಶಲಕರ್ಮಿಯ ಕೈಚಳಕವೂ ಬಳಸುವವನ ನೆಲವನ್ನು ಮೊದಲು ನೋಡಿದವು ಎಂಬುದೇ ಇಲ್ಲಿಯ ಪಾಠ.

ಈ ತತ್ತ್ವವನ್ನು ಸಣ್ಣ ಸಂಗತಿಗಳಲ್ಲಿಯೂ ಅನ್ವಯಿಸಬಹುದು. ಬಗ್ಗಲಾರದವರಿಗೆ ಗುದ್ದಲಿಯ ಕಾವನ್ನು ಉದ್ದಮಾಡಬಹುದು. ಹಿಡಿತ ಕುಂದಿದ ಕೈಗಾಗಿ ಕುಡುಗೋಲಿನ ಹಿಡಿಗೆ ಹಳೆಯ ಸೈಕಲ್ ಟ್ಯೂಬನ್ನು ಸುತ್ತಿ ದಪ್ಪಮಾಡಬಹುದು. ದೃಷ್ಟಿಯಿಲ್ಲದವರು ಸಮಾನ ಅಂತರದಲ್ಲಿ ಗಂಟುಗಳಿರುವ ಹಗ್ಗವನ್ನು ಮುಟ್ಟಿ ಸಸಿಯ ಸ್ಥಾನವನ್ನು ಅರಿಯಬಹುದು. ಫೋನಿನ ಟಾಕ್‌ಬ್ಯಾಕ್ ಸೌಲಭ್ಯವು ಪರದೆಯ ಮೇಲಿನ ಬರಹವನ್ನು ಓದಿ ಹೇಳುತ್ತದೆ. 1800-180-1551 ಸಂಖ್ಯೆಯ ಕಿಸಾನ್ ಕಾಲ್ ಸೆಂಟರ್ ಬಾಯಿಮಾತಿನಲ್ಲಿಯೇ ಸಲಹೆ ನೀಡುತ್ತದೆ. ಸನ್ನೆಗೋಲಿನ ಪಾಠ ಮಾಡುವಾಗ ಈ ಹಿಡಿ, ಕಾವುಗಳನ್ನೇ ಉದಾಹರಣೆಯಾಗಿ ತರಬಹುದಲ್ಲವೇ?

ಕಾನೂನಿನ ಬೆಂಬಲವೂ ಇದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಸಂಬಂಧಿತ ಯೋಜನೆಗಳಲ್ಲಿ ಕೃಷಿಭೂಮಿಯನ್ನು ಹಂಚುವಾಗ ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವುಳ್ಳವರಿಗೆ ಶೇಕಡಾ 5ರಷ್ಟು ಮೀಸಲಿಡಬೇಕೆಂದೂ ಅವರಲ್ಲಿ ಮಹಿಳೆಯರಿಗೆ ಆದ್ಯತೆ ಕೊಡಬೇಕೆಂದೂ ಅದರ 37ನೆಯ ಕಲಮು ಹೇಳುತ್ತದೆ. ಇದಕ್ಕೆ ವೈಕಲ್ಯದ ಪ್ರಮಾಣಪತ್ರ ಬೇಕು, ಯು.ಡಿ.ಐ.ಡಿ. ಎಂಬ ಗುರುತಿನ ಚೀಟಿಯು ದೇಶದಾದ್ಯಂತ ಸಲ್ಲುತ್ತದೆ.

ಆದರೆ ಗಡಿನಾಡಿನ ಕನ್ನಡಿಗ ರೈತನ ಮುಂದೆ ಇನ್ನೊಂದು ಮೆಟ್ಟಿಲಿದೆ. ಅರ್ಜಿಯ ನಮೂನೆ ಮಲಯಾಳದಲ್ಲೋ ತಮಿಳಿನಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಇರುತ್ತದೆ. ಗಾಲಿಕುರ್ಚಿಗೆ ಇಳಿಜಾರು ದಾರಿ ಎಷ್ಟು ಅಗತ್ಯವೋ ಅವನಿಗೆ ತಿಳಿಯುವ ಭಾಷೆಯೂ ಅಷ್ಟೇ ಅಗತ್ಯ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಕಾಸರಗೋಡಿನ ಊರುಗಳ ಅಧ್ಯಾಪಕರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಎರಡೂ ಭಾಷೆಗಳನ್ನು ಬಲ್ಲವರು ಊರಿನಲ್ಲಿ ಅನೇಕ ವೇಳೆ ನಾವೇ ಆಗಿರುತ್ತೇವೆ. ನಮೂನೆಯನ್ನು ಓದಿ ಕನ್ನಡದಲ್ಲಿ ಅರ್ಥ ಹೇಳುವುದಕ್ಕೆ ಶಾಲೆ ಬಿಟ್ಟ ಮೇಲಿನ ಅರ್ಧ ಗಂಟೆ ಸಾಕು.

ಒಂದು ಎಚ್ಚರಿಕೆ ಅವಶ್ಯ. ಮಗುವಿನ ಮನೆಯ ಸ್ಥಿತಿಯನ್ನು ತರಗತಿಯಲ್ಲಿ ಎತ್ತಿ ಆಡಬಾರದು. ಮನೆಗೆ ಹೋದಾಗ ಕನಿಕರವನ್ನು ಹೊರಗಿಟ್ಟು, "ಯಾವ ಕೆಲಸ ನಿಮಗೆ ಕಷ್ಟವಾಗುತ್ತದೆ?" ಎಂದು ವಿನಯದಿಂದ ಕೇಳಬೇಕು. ತನ್ನ ಹೊಲವನ್ನೂ ತನ್ನ ಶರೀರವನ್ನೂ ಬಲ್ಲವನು ಆ ರೈತನೇ. ಅವನ ಕೈಗೆ ತಕ್ಕ ಉಪಕರಣ ಬಂದ ದಿನ ಮಗುವಿನ ಕೈ ಬಿಡುವಾಗುತ್ತದೆ. ಆ ಕೈಗೆ ಪುಸ್ತಕ ಮರಳುತ್ತದೆ.