ಹಿಮಾಲಯ ದಾಟಿ ಬಂದವರು

(ಮುಂಡಗೋಡದಲ್ಲಿ ಪಕ್ಷಿವೀಕ್ಷಣೆಗೆ ಬಂದ ವಿದ್ಯಾರ್ಥಿಗಳೆದುರು ಮಾಡಿದ ಭಾಷಣದ ಬರಹರೂಪ)



ಐತಿಹಾಸಿಕ ಸ್ಥಳದಲ್ಲಿ ಪಕ್ಷಿವೀಕ್ಷಣೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಹಂಪಿ, ಬಾದಾಮಿ, ಶ್ರೀರಂಗಪಟ್ಟಣ. ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಕೋಟೆಯಿಲ್ಲ, ಕಂದಕವಿಲ್ಲ, ಶಾಸನದ ಕಲ್ಲಿಲ್ಲ. ಆದರೂ ಇದು ಐತಿಹಾಸಿಕ ಸ್ಥಳವೇ. ಆ ಇತಿಹಾಸ ತಿಳಿದುಕೊಂಡು ಹಕ್ಕಿ ನೋಡಿದರೆ ನೋಟವೇ ಬೇರೆಯಾಗುತ್ತದೆ.

1959ರಲ್ಲಿ ದಲೈ ಲಾಮಾ ಲಾಸಾ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆಯೇ ಸಾವಿರಾರು ಜನ ಹಿಮಾಲಯ ದಾಟಿದರು. ಅನೇಕ ಭಿಕ್ಷುಗಳು ಮೊದಲ ಕೆಲವು ವರ್ಷ ಕಳೆದದ್ದು ಪಶ್ಚಿಮ ಬಂಗಾಳದ ಬಕ್ಸಾದಲ್ಲಿ. ಅದು ಬ್ರಿಟಿಷರ ಕಾಲದ ಬಂದಿಖಾನೆ. ಎಸ್. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, 1966ರಲ್ಲಿ, ಮುಂಡಗೋಡದಲ್ಲಿ ನಿರಾಶ್ರಿತರಿಗೆ ನೆಲೆ ಸಿಕ್ಕಿತು. ಚಳಿನಾಡಿನಲ್ಲಿ ಬಾರ್ಲಿ ಬೆಳೆಯುತ್ತಿದ್ದವರು ಇಲ್ಲಿಯ ಸೆಕೆ, ಮಳೆಗೆ ಒಗ್ಗಿಕೊಂಡು ಭತ್ತ, ಮೆಕ್ಕೆಜೋಳ ಬೆಳೆಯಲು ಕಲಿತರು. ಲಾಸಾದ ಬಳಿ 1409ರಲ್ಲಿ ಸ್ಥಾಪನೆಯಾದ ಗಾಡೆನ್, 1416ರಲ್ಲಿ ಸ್ಥಾಪನೆಯಾದ ಡ್ರೆಪುಂಗ್ ಎಂಬ ಮಹಾವಿಹಾರಗಳು ಇಲ್ಲಿ ಮತ್ತೆ ತಲೆಯೆತ್ತಿದವು.

ಈ ಜನರಿಗೆ ಹಕ್ಕಿಗಳ ನಂಟು ಹಳೆಯದು. ‘ಪಕ್ಷಿಗಳ ಧರ್ಮ’ ಎಂದು ಅನುವಾದಿಸಬಹುದಾದ ಒಂದು ಟಿಬೆಟನ್ ಕೃತಿಯಲ್ಲಿ ಬೋಧಿಸತ್ವ ಅವಲೋಕಿತೇಶ್ವರ ಕೋಗಿಲೆಯ ರೂಪ ತಾಳಿ ಹಕ್ಕಿಗಳ ಸಭೆಗೆ ಧರ್ಮ ಹೇಳುತ್ತಾನೆ.

ಇನ್ನು ಹಕ್ಕಿಗಳ ಕಡೆ ಬರೋಣ. ಮುಂಡಗೋಡ ತಾಲ್ಲೂಕಿನಲ್ಲೇ ಅತ್ತಿವೇರಿ ಪಕ್ಷಿಧಾಮವಿದೆ. ನೀರಾವರಿಗೆಂದು ಕಟ್ಟಿದ ಜಲಾಶಯ ಅದು. ಬೆಳ್ಳಕ್ಕಿ, ನೀರುಕಾಗೆ, ಚಮಚಕೊಕ್ಕು, ಮಿಂಚುಳ್ಳಿಗಳನ್ನು ಅಲ್ಲಿ ನೋಡಬಹುದು. ಆದರೆ ಕಾಲೊನಿಯ ಹಿರಿಯರಂತೆ ಹಿಮಾಲಯ ದಾಟಿ ಬರುವ ಹೆಬ್ಬಾತುಗಳ ಹಿಂಡನ್ನು ನೋಡಬೇಕಾದರೆ ಇನ್ನಷ್ಟು ಪೂರ್ವಕ್ಕೆ, ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹೋಗಬೇಕು.

ಬೂದು ಮೈ, ಬಿಳಿ ತಲೆ, ಹಿಂದಲೆಯಲ್ಲಿ ಎರಡು ಕಪ್ಪು ಪಟ್ಟೆ. ಇದೇ ಪಟ್ಟೆತಲೆ ಹೆಬ್ಬಾತು. ಟಿಬೆಟ್, ಲಡಾಖ್, ಮಂಗೋಲಿಯಾಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಭಾರತಕ್ಕೆ ಬರುತ್ತದೆ. ಈ ಹಕ್ಕಿ 7 ಸಾವಿರ ಮೀಟರಿಗಿಂತ ಎತ್ತರದಲ್ಲಿ ಹಾರಿದ್ದು ಅದರ ಮೈಗೆ ಕಟ್ಟಿದ ಉಪಕರಣಗಳಲ್ಲಿ ದಾಖಲಾಗಿದೆ. ಅಲ್ಲಿ ಗಾಳಿ ತೆಳು, ಆಮ್ಲಜನಕ ಕಡಿಮೆ. ಈ ಹಕ್ಕಿಯ ರಕ್ತದ ಹಿಮೋಗ್ಲೋಬಿನ್ ಇರುವಷ್ಟು ಆಮ್ಲಜನಕವನ್ನೇ ಗಟ್ಟಿಯಾಗಿ ಹಿಡಿದುಕೊಳ್ಳಬಲ್ಲದು. ಪರ್ವತದ ಏರಿಳಿತಕ್ಕೆ ತಕ್ಕಂತೆ ತಾನೂ ಏರಿಳಿಯುತ್ತ, ವ್ಯರ್ಥ ಶ್ರಮ ಪಡದೆ ಅದು ಸಾಗುತ್ತದೆ.

ಮಾಗಡಿಯದೂ ಮಳೆನೀರು ಹಿಡಿದು ಬೇಸಾಯಕ್ಕೆ ಬಳಸಲೆಂದು ಜನ ಕಟ್ಟಿದ ಕೆರೆ. 2024ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಗೌರವವೇನೋ ಬಂತು, ಕೆರೆಯಲ್ಲಿ ನೀರು ನಿಲ್ಲದಿದ್ದರೆ ಆ ಗೌರವದಿಂದ ಹೆಬ್ಬಾತಿಗೆ ಆಗುವುದೇನು? ಇನ್ನೊಂದು ಮಾತು. ಹಗಲೆಲ್ಲ ನೀರಿನಲ್ಲಿ ತೇಲುವ ಹಿಂಡು ಮೇಯಲು ಹೋಗುವುದು ಸುತ್ತಲ ಹೊಲಗಳಿಗೆ. ನಾವು ದಡದಲ್ಲಿ ನಿಂತು ಕಣ್ತುಂಬಿಕೊಳ್ಳುವ ಅತಿಥಿಗೆ ಉಣಬಡಿಸುವವನು ರೈತ. ಸಂರಕ್ಷಣೆಯ ಮಾತಾಡುವಾಗ ಅವನನ್ನು ಮರೆಯಬಾರದು.

ಬೇಸಿಗೆ ಕಾಲಿಡುತ್ತಲೇ ಹೆಬ್ಬಾತುಗಳು ಉತ್ತರಕ್ಕೆ ಹೊರಡುತ್ತವೆ. ಅವು ಯಾವ ಗಡಿಯಲ್ಲೂ ಕಾಗದ ತೋರಿಸಬೇಕಿಲ್ಲ. ಕಾಲೊನಿಯ ಮೊದಲ ತಲೆಮಾರಿನ ಬಹುಮಂದಿಗೆ ಆ ಭಾಗ್ಯ ಇರಲಿಲ್ಲ. ಬಿಟ್ಟು ಬಂದ ಊರನ್ನು ಮತ್ತೆ ನೋಡದೆಯೇ ಅವರು ಇಲ್ಲಿ ಕಣ್ಣುಮುಚ್ಚಿದರು. ಅವರ ಮೊಮ್ಮಕ್ಕಳಿಗೆ ಈಗ ಮುಂಡಗೋಡವೇ ಹುಟ್ಟೂರು.

ಆದ್ದರಿಂದ ನಾಳೆ ಬೆಳಿಗ್ಗೆ ಹೊರಡುವಾಗ ಬೈನಾಕ್ಯುಲರ್ ಜೊತೆಗೆ ನೋಟ್‌ಪುಸ್ತಕವೂ ಇರಲಿ. ಹಕ್ಕಿಯ ಹೆಸರು, ಎಣಿಕೆ, ತಾರೀಖು, ಸ್ಥಳ ಬರೆದಿಡಿ. ವಿಹಾರಗಳ ಹತ್ತಿರ ಗದ್ದಲ ಬೇಡ, ಗೂಡುಗಳ ಹತ್ತಿರ ಹೋಗುವುದೇ ಬೇಡ. ದಾರಿಯಲ್ಲಿ ಜಪಮಣಿ ಎಣಿಸುತ್ತ ಕೂತ ಅಜ್ಜ ಸಿಕ್ಕರೆ ನಮಸ್ಕಾರ ಹೇಳಿ, ನಿಮ್ಮೂರಿನಲ್ಲಿ ಯಾವ ಹಕ್ಕಿಗಳಿದ್ದವು ಎಂದು ಕೇಳಿ. ಅವರು ಹೇಳಿದ್ದನ್ನೂ ಬರೆದುಕೊಳ್ಳಿ. ಅದೂ ಒಂದು ದಾಖಲೆಯೇ. ಹೆಬ್ಬಾತು ಮುಂದಿನ ವರ್ಷ ಮತ್ತೆ ಬಂದೀತು. ಆ ನೆನಪನ್ನು ಹೇಳುವವರು ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.