ಒಂದು ಹಲ್ಲು ತಪ್ಪಿದರೆ!

(ಸಿರುಗುಪ್ಪದಲ್ಲಿ ಯುವಕರ ಮುಂದೆ ಆಡಿದ ಮಾತು)

ಕನ್ನಡದ ತಮ್ಮಂದಿರೇ,

ಪ್ರೆಸ್ಸಿನವನಿಗೆ ಕಾರಿನ ಬೆಲ್ಟಿನ ಉಸಾಬರಿ ಯಾಕೆ ಅನ್ನಬೇಡಿ. ನಾಲ್ಕು ಬಣ್ಣದ ಪೋಸ್ಟರ್ ಅಚ್ಚಾಗಬೇಕಾದರೆ ನಾಲ್ಕು ಪ್ಲೇಟಿನ ಗುರುತುಗಳೂ ಒಂದರ ಮೇಲೊಂದು ಕೂಡಬೇಕು. ಕೂದಲೆಳೆಯಷ್ಟು ಸರಿದರೂ ಮುಖ ಎರಡಾಗಿ ಕಾಣುತ್ತದೆ. ಆ ಹಾಳೆಯನ್ನು ರದ್ದಿಗೆ ಹಾಕಿದರೆ ಮುಗಿಯಿತು. ಎಂಜಿನ್ನಿನ ಗುರುತು ತಪ್ಪಿದರೆ? ರದ್ದಿಗೆ ಹೋಗುವುದು ಬಡ ಡ್ರೈವರನ ಅನ್ನ!

ಎಂಜಿನ್ನಿನ ಕೆಳಗೆ ಕ್ರ್ಯಾಂಕ್ ಶಾಫ್ಟು. ಪಿಸ್ಟನ್ನುಗಳು ಏರಿ ಇಳಿಯುವುದು ಅದರ ಜೊತೆ. ಮೇಲೆ ಕ್ಯಾಮ್ ಶಾಫ್ಟು. ವಾಲ್ವು ತೆರೆಯುವುದು ಅದು. ಕ್ರ್ಯಾಂಕ್ 2 ಸುತ್ತು ತಿರುಗಿದಾಗ ಕ್ಯಾಮ್ 1 ಸುತ್ತು ತಿರುಗಬೇಕು. ಹಳೆಯ ಅಂಬಾಸಿಡರಿನಲ್ಲಿ ಈ ಲೆಕ್ಕ ಕಾಯಲು ಚೈನ್ ಇತ್ತು. 1983ರಲ್ಲಿ ಬಂದ ಮಾರುತಿ 800ರಲ್ಲಿ, 1998ರಲ್ಲಿ ಬಂದ ಟಾಟಾ ಇಂಡಿಕಾದ ಡೀಸೆಲ್ ಎಂಜಿನ್ನಿನಲ್ಲಿ ಹಲ್ಲಿನ ರಬ್ಬರ್ ಬೆಲ್ಟು.

ಕ್ರ್ಯಾಂಕಿನ ಗಾಲಿಗೆ 20 ಹಲ್ಲು ಇದೆ ಅನ್ನಿ. ಬೆಲ್ಟು ಒಂದು ಹಲ್ಲು ಹಾರಿ ಕೂತರೆ 18 ಡಿಗ್ರಿ ತಪ್ಪು! ಗಾಡಿ ಎಳೆಯುವುದಿಲ್ಲ, ನಡುಗುತ್ತದೆ, ಎಣ್ಣೆ ಕುಡಿಯುತ್ತದೆ. ಇನ್ನೂ ಹೆಚ್ಚು ತಪ್ಪಿದರೆ ಕೆಲವು ಎಂಜಿನ್ನುಗಳಲ್ಲಿ ತೆರೆದ ವಾಲ್ವಿಗೆ ಪಿಸ್ಟನ್ ಬಂದು ಗುದ್ದುತ್ತದೆ. ಡೀಸೆಲ್ಲಿನಲ್ಲಂತೂ ಜಾಗವೇ ಕಡಿಮೆ. ವಾಲ್ವು ಬಾಗಿತು, ಹೆಡ್ಡು ಬಿಚ್ಚಬೇಕಾಯಿತು. ಬೆಲ್ಟಿನ ಖರ್ಚು ಎಲ್ಲಿ, ಹೆಡ್ಡಿನ ಖರ್ಚು ಎಲ್ಲಿ!

ಹಾಗಾದರೆ ಏನು ಮಾಡಬೇಕು?

ಎಂಜಿನ್ ತಣ್ಣಗಾಗಲಿ. ಬ್ಯಾಟರಿಯ ನೆಗೆಟಿವ್ ವೈರು ತೆಗೆಯಿರಿ. ಪೆಟ್ರೋಲ್ ಗಾಡಿಯಾದರೆ ಪ್ಲಗ್ಗುಗಳನ್ನೂ ಬಿಚ್ಚಿ, ಕೈಗೆ ಹಗುರವಾಗುತ್ತದೆ. ಹಳೆಯ ಬೆಲ್ಟು ಬಿಚ್ಚುವ ಮೊದಲೇ, ಕ್ರ್ಯಾಂಕಿನ ಬೋಲ್ಟಿಗೆ ಪಾನಾ ಹಾಕಿ, ಎಂಜಿನ್ ಓಡುವ ದಿಕ್ಕಿಗೇ ತಿರುಗಿಸಿ ಗುರುತುಗಳನ್ನು ಕೂಡಿಸಿ. ಕ್ರ್ಯಾಂಕ್ ಗಾಲಿಯ ಗುರುತು ಬಾಡಿಯ ಗುರುತಿಗೆ, ಕ್ಯಾಮ್ ಗಾಲಿಯದು ಮೇಲಿನ ಗುರುತಿಗೆ. ಅದೇ ಬೆಲ್ಟು ಡೀಸೆಲ್ ಪಂಪನ್ನೂ ತಿರುಗಿಸುತ್ತಿದ್ದರೆ ಅದಕ್ಕೂ ಒಂದು ಗುರುತು ಉಂಟು. ಇಗ್ನಿಷನ್ ಟೈಮಿಂಗಿನ ಗುರುತು ಬೇರೆ. ಅದನ್ನೇ ಇದು ಅಂದುಕೊಂಡು ಮೋಸ ಹೋಗಬೇಡಿ. ಆ ಗಾಡಿಯ ಪುಸ್ತಕದ ಚಿತ್ರ ನೋಡಿಯೇ ಕೈ ಹಾಕಿ.

ಬೆಲ್ಟು ಕಳಚಿದ ಮೇಲೆ ಯಾವ ಶಾಫ್ಟನ್ನೂ ಅಲುಗಿಸಬೇಡಿ. ಟೆನ್ಷನರಿನ ಬೇರಿಂಗು, ಆಯಿಲ್ ಸೀಲು ನೋಡಿ. ಎಣ್ಣೆ ಸೋರಿದರೆ ಹೊಸ ಬೆಲ್ಟೂ ಬಾಳದು. ಹೊಸದನ್ನು ಮಡಚಬೇಡಿ, ಸ್ಕ್ರೂಡ್ರೈವರಿನಿಂದ ಮೀಟಿ ತುರುಕಬೇಡಿ. ಟೆನ್ಷನರ್ ಇಲ್ಲದ ಬದಿ ಬಿಗಿಯಾಗಿರಲಿ. ಸಡಿಲವೆಲ್ಲ ಟೆನ್ಷನರಿನ ಬದಿಗೆ ಬರಲಿ.

ಈಗ ಎಲ್ಲರೂ ಎಡವುವ ಜಾಗ. "ಚಾವಿ ತಿರುಗಿಸಿ ನೋಡೋಣ" ಎಂಬ ಆತುರ! ಬೇಡ. ಮೊದಲು ಪಾನಾದಿಂದ ಕ್ರ್ಯಾಂಕನ್ನು ಪೂರಾ 2 ಸುತ್ತು ತಿರುಗಿಸಿ. ನಡುವೆ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ. ಒಳಗೆ ವಾಲ್ವು ತಾಗಿರಬಹುದು. ತಡೆಯಲಿಲ್ಲವೇ? ಗಾಲಿಗಳ ಗುರುತು ಮತ್ತೆ ಕೂಡಿದೆಯೇ ನೋಡಿ. ಬೆಲ್ಟಿನ ಮೇಲಿನ ಬಣ್ಣದ ಗೆರೆ ಜರುಗಿದ್ದರೆ ಗಾಬರಿ ಬೇಡ. ಅದು ಸರಿದೇ ಸರಿಯುತ್ತದೆ. ಗಾಲಿಯ ಗುರುತು ಮಾತ್ರ ಸುಳ್ಳು ಹೇಳದು. ಒಂದು ಹಲ್ಲು ಆಚೀಚೆ ಇದ್ದರೂ ಬಿಚ್ಚಿ ಮತ್ತೆ ಕೂಡಿಸಿ. "ನಡೀತದೆ ಬಿಡು" ಅನ್ನಬೇಡಿ! ರಾತ್ರಿ ಹೆರಿಗೆಯ ಹೆಣ್ಣುಮಗಳನ್ನು ಬಳ್ಳಾರಿಗೆ ಒಯ್ಯುವುದು ಇದೇ ಗಾಡಿ.

ಕಡೆಯ ಮಾತು. ಎಷ್ಟೋ ಗಾಡಿಗಳ ಪುಸ್ತಕ ಇಂಗ್ಲಿಷಿನಲ್ಲಿದೆ. ಪಾನಾ ಹಿಡಿದ ಹುಡುಗ ಓದಿದ್ದು ಕನ್ನಡ. ಓದು ಬಲ್ಲವರೇ, ನಿಮ್ಮ ಬೀದಿಯ ಗ್ಯಾರೇಜಿನ ಹುಡುಗನ ಜೊತೆ ಕೂತು ಆ ಪುಟವನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿ. ಬೆಲ್ಟು ಹಾಕಿದ ತಾರೀಖು, ಕಿಲೋಮೀಟರು ಬರೆದ ಚೀಟಿ ಬಾನೆಟ್ಟಿನ ಒಳಗಿರಲಿ. ಮುಂದೆ ಆ ಗಾಡಿ ಬಿಚ್ಚುವವನು ಕತ್ತಲಲ್ಲಿ ತಡಕಾಡದಿರಲಿ.